ಅರವತ್ತೆರಡನೇ ಕಲ್ಲು

ಫೆಬ್ರವರಿ 4

ರಸ್ತೆ ಇಲಾಖೆಯ ಸೇತುವೆ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಈ ಹೆದ್ದಾರಿಯ ಮೇಲೆ ಮೂವತ್ತಾರು ವರ್ಷ ಜಲ್ಲಿ ಹರಡಿಸಿ, ಡಾಂಬರು ಹಾಕಿಸಿ, ನಿವೃತ್ತನಾದ ಗ್ಯಾಂಗ್ ಮೇಸ್ತ್ರಿ ನಾನು. ಹಳ್ಳದ ಆಚೆಗಿರುವ ನಾಲ್ಕು ಊರಿನವರ ಪರವಾಗಿ ಈ ಅರ್ಜಿ. ಆ ಊರುಗಳಲ್ಲಿ ಓದಿದವರಿಗೇನೂ ಕಡಿಮೆಯಿಲ್ಲ. ಆದರೆ ಈ ರಸ್ತೆಯ ಮಾತು ಬಂದರೆ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಾರೆ, ಅದಕ್ಕೆ ನಾನೇ ಬರೆಯಲು ಕೂತಿದ್ದೇನೆ.

ಕಚೇರಿಯವರಿಗೆ ರಸ್ತೆ ಎಂದರೆ ನಕ್ಷೆಯ ಮೇಲಿನ ಕೆಂಪು ಗೆರೆ. ಆದ್ದರಿಂದ ಅದರ ಪೂರ್ವಾಪರ ಸ್ವಲ್ಪ ಹೇಳುತ್ತೇನೆ, ಬೇಸರಿಸಬೇಡಿ. ಬಂದರಿನ ಸುಂಕದ ಕಚೇರಿ ಎದುರಿನ ಸೊನ್ನೆ ಕಲ್ಲಿನಿಂದ ಹೊರಟು, ಬೆಟ್ಟದ ಪೇಟೆಯ ಗಡಿಯಾರ ಕಂಬದ ಕೆಳಗೆ ಮುಗಿಯುವ ಈ ದಾರಿ ಮೊದಲು ಉಪ್ಪಿನ ಗಾಡಿಗಳದ್ದು. ಎತ್ತು ಎಲ್ಲಿ ದಣಿದು ನಿಂತಿತೋ ಅಲ್ಲಿ ಒಂದು ಅಂಗಡಿ, ಅಂಗಡಿ ಇದ್ದಲ್ಲಿ ಒಂದು ಊರು. ಇಪ್ಪತ್ಮೂರನೇ ಕಲ್ಲಿನ ಹತ್ತಿರ ಬಂಡೆ ಸೀಳಿ ದಾರಿ ಮಾಡಲು ಎರಡು ವರ್ಷ ಹಿಡಿಯಿತು. ಐವತ್ತೊಂದರ ಹತ್ತಿರ ರಸ್ತೆ ಯಾಕೆ ಸುಮ್ಮನೆ ಬಾಗಿದೆ ಎಂದು ಹೊಸ ಎಂಜಿನಿಯರುಗಳು ಮೂಗು ಮುರಿಯುತ್ತಾರೆ. ಅಲ್ಲಿ ಒಬ್ಬ ಮುದುಕಿಯ ಬಾವಿ ಇತ್ತು. ಅವಳು ಬಾವಿಯ ಕಟ್ಟೆಯ ಮೇಲೆ ಕೂತವಳು ಏಳಲೇ ಇಲ್ಲ, ರಸ್ತೆಯೇ ಅವಳನ್ನು ಸುತ್ತಿ ಹೋಯಿತು. ಮೈಲಿ ಹೋಗಿ ಕಿಲೋಮೀಟರ್ ಬಂದಾಗ ಎಂಬತ್ತೆಂಟು ಕಲ್ಲುಗಳನ್ನೂ ಅಳೆದು ನೆಡಿಸಿದವನು ನಾನು. ಈ ಭಾಗದಲ್ಲಿ ಕಲ್ಲು ಮೇಸ್ತ್ರಿ ಎಂದರೆ ಸಾಕು, ಬಸ್ಸಿನವನು ಟಿಕೆಟ್ ಕೇಳದೆ ಮನೆಯ ಮುಂದೆ ಇಳಿಸುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ಅರವತ್ತೆರಡನೇ ಕಲ್ಲಿನ ಬುಡದಲ್ಲೇ ಹಳ್ಳ. ಅಲ್ಲಿ ಸೇತುವೆ ಎಂದು ಇರುವುದು ಹಳ್ಳದ ತಳಕ್ಕೆ ಹಾಸಿದ ಕಾಂಕ್ರೀಟು ಮಾತ್ರ. ಮಳೆ ಹಿಡಿದರೆ ಅದು ನೀರಿನ ಅಡಿ ಹೋಗುತ್ತದೆ. ಹೋದ ಸಲ ಹನ್ನೊಂದು ದಿನ ನಾಲ್ಕು ಊರೂ ಆಚೆಯೇ ಉಳಿದವು. ನರ್ಸಮ್ಮ ಔಷಧಿಯ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟು, ಹಗ್ಗ ಹಿಡಿದು ದಾಟಿದರು. ಹೆರಿಗೆಗೆ ಹೊರಟ ಹೆಂಗಸೊಬ್ಬಳು ದಡದಲ್ಲಿ ನಿಂತ ಬಸ್ಸಿನೊಳಗೇ ಅವಳಿ ಮಕ್ಕಳನ್ನು ಹೆತ್ತಳು. ಮಕ್ಕಳು ಗುಂಡುಗುಂಡಾಗಿವೆ, ಕಂಡಕ್ಟರು ಮಾತ್ರ ಇವತ್ತಿಗೂ ಅದನ್ನು ನೆನೆದು ಬೆವರುತ್ತಾನೆ. ಎಲ್ಲರ ಅದೃಷ್ಟ ಹಾಗಿರುವುದಿಲ್ಲ. ಸೇತುವೆಗಳ ಪಟ್ಟಿ ಜೂನ್ ಕೊನೆಗೆ ಮುಚ್ಚುತ್ತದೆ, ಮುಂದಿನದು ಏಳು ವರ್ಷದ ನಂತರ ಎಂದು ಕೇಳಿದ್ದೇವೆ. ದಯವಿಟ್ಟು ನಮ್ಮ ಹಳ್ಳವನ್ನು ಸೇರಿಸಿಕೊಳ್ಳಿ.

ಇಂತಿ ತಮ್ಮ ವಿಧೇಯ,
ನಿವೃತ್ತ ಗ್ಯಾಂಗ್ ಮೇಸ್ತ್ರಿ


ಫೆಬ್ರವರಿ 26

ವಿಷಯ: ಹೆದ್ದಾರಿಯ 62ನೇ ಕಿಲೋಮೀಟರಿನಲ್ಲಿ ಸೇತುವೆ ಕೋರಿರುವ ಬಗ್ಗೆ.

ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಉಪಗ್ರಹದ ಅಳತೆಯಂತೆ 62ನೇ ಕಿಲೋಮೀಟರಿನ ಸ್ಥಳಕ್ಕೆ ಸಿಬ್ಬಂದಿ ಭೇಟಿ ನೀಡಿದ್ದು, ಸದರಿ ಸ್ಥಳದಲ್ಲಿ ಹಳ್ಳವಾಗಲಿ ತೊರೆಯಾಗಲಿ ಕಂಡುಬಂದಿರುವುದಿಲ್ಲ. ಛಾಯಾಚಿತ್ರ ಲಗತ್ತಿಸಿದೆ. ನೀರಿಲ್ಲದ ಕಡೆ ಸೇತುವೆ ಕಟ್ಟಲು ಅವಕಾಶವಿಲ್ಲದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.

ಕಾರ್ಯಪಾಲಕ ಎಂಜಿನಿಯರ್,
ಸೇತುವೆ ವಿಭಾಗ

(ಕೆಳಗೆ ಪೆನ್ನಿನಲ್ಲಿ) ಅಮ್ಮನ ಮೊಣಕಾಲಿಗೆ ಮುಲಾಮು ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ. ದಿನಕ್ಕೆ ಎರಡು ಸಲ ಹಚ್ಚಿಕೊಳ್ಳಲಿ. – ಮಗಳು


ಮಾರ್ಚ್ 3

ಕಾರ್ಯಪಾಲಕ ಎಂಜಿನಿಯರ್ ಮಗಳಿಗೆ,

ನಿನ್ನ ಕಚೇರಿಯ ಕಾಗದ ತಲುಪಿತು. ಫೋಟೋ ನೋಡಿದೆ. ಅದರಲ್ಲಿ ಒಂದು ಬೋಳು ದಿಬ್ಬವಿದೆ, ದಿಬ್ಬದ ಮೇಲೆ ಒಂದು ಆಡು ನಿಂತಿದೆ. ಆ ಆಡು ನಮ್ಮ ದರ್ಜಿಯದು. ಅದು ನಿಂತಿರುವ ಜಾಗಕ್ಕೂ ಹಳ್ಳಕ್ಕೂ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಅಂತರ. ಅಷ್ಟು ದೂರ ಜೀಪಿನಲ್ಲಿ ಬಂದ ನಿನ್ನ ಹುಡುಗರು ಹಳ್ಳದಲ್ಲೇ ಟೈರು ಒದ್ದೆ ಮಾಡಿಕೊಂಡು ದಾಟಿ, ದಿಬ್ಬದ ಮೇಲೆ ನಿಂತು, ಹಳ್ಳ ಎಲ್ಲಿದೆ ಎಂದು ಹುಡುಕಿದ್ದಾರೆ. ನಿಮ್ಮ ಉಪಗ್ರಹಕ್ಕೆ ಕಣ್ಣು ಮಂಜಾಗಿದ್ದರೆ ಹೇಳು, ನನ್ನ ಹಳೇ ಕನ್ನಡಕ ಕಳಿಸುತ್ತೇನೆ.

ಅಂಚೆಯ ಮನೆಯಲ್ಲಿ ಆ ಕಾಗದ ಓದಿದಾಗ ಎಲ್ಲರೂ ನಕ್ಕರು. ನರ್ಸಮ್ಮ ಮಾತ್ರ ನಗಲಿಲ್ಲ. "ಮೇಸ್ತ್ರಿ, ಇನ್ನು ಏಳು ವರ್ಷ ನಾನು ಹಗ್ಗ ಹಿಡೀಬೇಕಾ?" ಎಂದು ಕೇಳಿದರು. ಅವರಿಗೆ ಐವತ್ತನಾಲ್ಕು ವಯಸ್ಸು.

ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಒಂದು ಸಾಲು ಬರೆದವರಲ್ಲ. ಭಾನುವಾರ ನೀನು ಅಮ್ಮನಿಗೆ ಫೋನು ಮಾಡುತ್ತೀ, ಆ ಹೊತ್ತಿಗೆ ನಾನು ಹೊರಗೆ ಹೋಗಿ ಸೈಕಲ್ ಒರೆಸುತ್ತೇನೆ. ನಮ್ಮೂರಿನಲ್ಲಿ ನನ್ನ ಸೈಕಲ್ಲಿನಷ್ಟು ಹೊಳೆಯುವ ಸೈಕಲ್ ಇನ್ನೊಂದಿಲ್ಲ. ಅದು ನಮ್ಮಿಬ್ಬರ ವಿಷಯ, ಇರಲಿ. ನನ್ನ ಮೇಲಿನ ಸಿಟ್ಟನ್ನು ನಾಲ್ಕು ಊರಿನ ಮೇಲೆ ತೀರಿಸಿಕೊಳ್ಳಬೇಡ.

ಕಲ್ಲು ಇದ್ದ ಜಾಗದಲ್ಲೇ ಇದೆ, ಹಳ್ಳವೂ ಅಷ್ಟೇ. ಬಂದು ನೋಡು.

ಅಪ್ಪ


ಮಾರ್ಚ್ 14

ಅಪ್ಪ,

ಸಿಟ್ಟು ತೀರಿಸಿಕೊಳ್ಳುವುದಿದ್ದರೆ ನಾನು ಫೋಟೋ ಕಳಿಸುತ್ತಿರಲಿಲ್ಲ. ಅರ್ಜಿಯನ್ನು ಕಸದ ಬುಟ್ಟಿಗೆ ಹಾಕಿ ಸುಮ್ಮನಿರುತ್ತಿದ್ದೆ. ಆ ಫೋಟೋ ನೋಡಿದರೆ ನಿಮಗೆ ಎಲ್ಲವೂ ಅರ್ಥವಾಗುತ್ತದೆ ಎಂದು ನಂಬಿದ್ದೆ. ಅರ್ಥವಾಗಿದೆ ಕೂಡ. ಬೇಕೆಂದೇ ಉಪಗ್ರಹವನ್ನು ಬೈಯುತ್ತಿದ್ದೀರಿ.

ಉಪಗ್ರಹದ ಪ್ರಕಾರ ಈ ರಸ್ತೆಯ ಉದ್ದ ಎಂಬತ್ತಾರು ಕಿಲೋಮೀಟರ್ ಒಂಬೈನೂರು ಮೀಟರ್. ನಿಮ್ಮ ಕಲ್ಲುಗಳ ಪ್ರಕಾರ ಎಂಬತ್ತೆಂಟರ ಮೇಲೆ. ಅರವತ್ತೆರಡನೇ ಕಲ್ಲು ಎಲ್ಲಿದೆ ಎಂದು ನನಗೆ ಗೊತ್ತು, ಅದರ ಮೇಲೆ ಕೂತು ಶಾಲೆಯ ಬಸ್ಸಿಗೆ ಕಾದವಳು ನಾನು. ಅದು ಇರಬೇಕಾದ ಜಾಗಕ್ಕಿಂತ ಎಂಟುನೂರ ಇಪ್ಪತ್ತೈದು ಮೀಟರ್ ಹಿಂದಿದೆ. ನಾಲ್ಕು ಊರಿನವರು ಅರವತ್ತೆರಡು ಎಂದು ಬರೆದರು, ಇಲಾಖೆ ನಿಜವಾದ ಅರವತ್ತೆರಡಕ್ಕೆ ಹೋಗಿ ಆಡನ್ನು ನೋಡಿ ಬಂತು.

ಜಾಗ ತಿದ್ದಿಸಿ ಎಂದು ಮುಖ್ಯ ಎಂಜಿನಿಯರ್ ಹತ್ತಿರ ಹೋದೆ. ಅವರು ಹಳೇ ಕಡತ ತೆಗೆಸಿದರು. ಅದರಲ್ಲಿ ಇಪ್ಪತ್ತು ವರ್ಷದ ಹಿಂದಿನ ಎರಡು ಕಾಗದಗಳಿವೆ. ಒಂದು ನನ್ನ ಕಾಲೇಜಿನದು: "ನಮ್ಮ ವಿದ್ಯಾರ್ಥಿನಿ ಐದು ಕಡೆ ಅಳೆದಿದ್ದಾಳೆ, ಐದೂ ಕಡೆ ಕಲ್ಲಿನಿಂದ ಕಲ್ಲಿಗೆ 985 ಮೀಟರ್ ಮಾತ್ರ ಇದೆ." ಇನ್ನೊಂದು ಇಲಾಖೆಯ ಉತ್ತರ, ನಿಮ್ಮ ರುಜು ಇರುವುದು: "ಕಲ್ಲುಗಳು ಬೆರಳಗಲ ವ್ಯತ್ಯಾಸವಿಲ್ಲದೆ ಸರಿಯಾಗಿವೆ. ಹುಡುಗಿಯ ಟೇಪು ಹಿಗ್ಗಿರಬಹುದು." ಮುಖ್ಯ ಎಂಜಿನಿಯರ್ ಕನ್ನಡಕ ತೆಗೆದು ನನ್ನ ಮುಖ ನೋಡಿ, "ಈ ಮೇಸ್ತ್ರಿ ನಿಮ್ಮ ತಂದೆ ಅಲ್ವಾ?" ಎಂದರು. ಹೌದು ಎಂದೆ.

ನಿಮ್ಮ ಆ ಉತ್ತರದಿಂದ ನಾನು ಅಳತೆಯ ಪರೀಕ್ಷೆಯಲ್ಲಿ ನಪಾಸಾದೆ. ಒಂದು ವರ್ಷ ಹೋಯಿತು. ವರ್ಷದ ಮಾತು ಬಿಡಿ. ಆ ಟೇಪಿನ ಇನ್ನೊಂದು ತುದಿ ಹಿಡಿಯಲು ನಾನು ನಿಮ್ಮನ್ನೇ ಕರೆದಿದ್ದೆ, ನೀವು ಬರಲಿಲ್ಲ.

ಆ ಕಾಗದ ಕಡತದಲ್ಲಿ ಇರುವವರೆಗೆ ಕಲ್ಲುಗಳು ಸರಿ, ನಿಮ್ಮ ಊರವರ ಅರ್ಜಿ ತಪ್ಪು. ಹೊಸ ಅರ್ಜಿ ಹಾಕಿದರೆ ಸಾಲಿನ ತುದಿಗೆ ಹೋಗುತ್ತದೆ, ಏಳು ವರ್ಷ. ಆ ಕಾಗದವನ್ನು ನಾನು ಹರಿಯಲಾರೆ, ಬೇರೆ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರು. ರುಜು ಹಾಕಿದವರು ಒಬ್ಬರೇ.

ಇದನ್ನು ಮಗಳಾಗಿ ಕೇಳುತ್ತಿಲ್ಲ, ಎಂಜಿನಿಯರ್ ಆಗಿ ಕೇಳುತ್ತಿದ್ದೇನೆ. ಮಗಳಾಗಿ ಕೇಳುವುದನ್ನು ಬಿಟ್ಟು ತುಂಬ ದಿನವಾಯಿತು.

ಇತಿ,
ಸೇತುವೆ ವಿಭಾಗ


ಮಾರ್ಚ್ 22

ನನ್ನ ಬಂಗಾರಕ್ಕೆ,

ಅಪ್ಪನಿಗೆ ಏನು ಬರೆದೆಯೋ ನನಗೆ ತೋರಿಸಲಿಲ್ಲ. ಬಚ್ಚಿಟ್ಟ ಜಾಗ ನನಗೆ ಗೊತ್ತು, ಆದರೆ ಓದಲಿಲ್ಲ. ಓದಬೇಕಾಗಿಯೂ ಇಲ್ಲ. ಆರು ದಿನದಿಂದ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. ಮದುವೆಯಾಗಿ ನಲವತ್ತೈದು ವರ್ಷದಲ್ಲಿ ಈ ಮನೆ ಇಷ್ಟು ತಣ್ಣಗಿದ್ದದ್ದು ಇದೇ ಮೊದಲು. ಮೊದಲೆರಡು ದಿನ ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಈಗ ನನಗೇ ತಡೆಯುತ್ತಿಲ್ಲ.

ಬೆಳಿಗ್ಗೆ ಎದ್ದು ಕಲ್ಲಿನ ಹತ್ತಿರ ಹೋಗುತ್ತಾನೆ. ಯಾರಾದರೂ ಮಾತಾಡಿಸಿದರೆ ಮುಖ ಆ ಕಡೆ ತಿರುಗಿಸುತ್ತಾನೆ. ಬಸ್ಸಿನವನು "ಕಲ್ಲು ಮೇಸ್ತ್ರಿ, ಹತ್ತಿ" ಎಂದರೆ, "ಹಾಗೆ ಕರೀಬೇಡ" ಎಂದನಂತೆ.

ನೀನು ಕೇಳಿದ್ದನ್ನು ಮಾಡು ಎಂದು ನಾನು ಅವನಿಗೆ ಹೇಳುವುದಿಲ್ಲ. ಬೇಡ ಎಂದೂ ಹೇಳುವುದಿಲ್ಲ. ಇಷ್ಟು ವರ್ಷ ನಿಮ್ಮಿಬ್ಬರ ನಡುವೆ ಮಾತು ಹೊತ್ತು ಹೊತ್ತು ನನ್ನ ಮೊಣಕಾಲು ಹೋಯಿತು, ಮುಲಾಮಿನಿಂದ ವಾಸಿಯಾಗುವ ನೋವಲ್ಲ ಇದು. ಈ ಸಲ ಅವನೇ ನಡೆಯಲಿ.

ನಿನ್ನ ಅಮ್ಮ


ಏಪ್ರಿಲ್ 2

ಮಗಳೇ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಹೇಗೆ ಬಂದರೆ ಹಾಗೆ ಓದು.

ಇಲಾಖೆ ಆಗ ನಮಗೆ ಒಂದು ಅಳತೆ ಚಕ್ರ ಕೊಟ್ಟಿತ್ತು. ಸೈಕಲ್ ಚಕ್ರಕ್ಕೆ ಹಿಡಿಕೆ ಹಾಕಿದ ಹಾಗೆ. ಸುತ್ತಳತೆ ಸರಿಯಾಗಿ ಎರಡು ಮೀಟರ್. ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ ತಳ್ಳಿಕೊಂಡು ಹೋಗುವುದು, ಬಟ್ಟೆ ಐನೂರು ಸಲ ಮೇಲೆ ಬಂದರೆ ಒಂದು ಕಿಲೋಮೀಟರ್. ಏಳು ಕಲ್ಲು ಸರಿಯಾಗಿಯೇ ನೆಟ್ಟೆವು. ಏಳನೆಯದು ದಾಟಿ ಇಟ್ಟಿಗೆ ಗೂಡಿನ ಮುಂದೆ ಗಾಜು ಹೊಕ್ಕು ಟೈರು ಸೀಳಿಹೋಯಿತು. ಹೊಸದು ಬರಲು ಹತ್ತು ದಿನ. ನಾನು ಆಗಷ್ಟೇ ಮೇಸ್ತ್ರಿಯಾಗಿದ್ದೆ, ಕೆಲಸ ನಿಂತಿತು ಎನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಎನ್ನುವ ವಯಸ್ಸು. ನನ್ನ ಸೈಕಲ್ಲಿನ ಹಿಂದಿನ ಟೈರು ಬಿಚ್ಚಿ ಹಾಕಿದೆ. ಅದು ಸವೆದು ನನ್ನ ಈಗಿನ ತಲೆಯ ಹಾಗೆ ನುಣ್ಣಗಾಗಿತ್ತು.

ಟೈರು ಬದಲಿಸಿದರೆ ಚಕ್ರವನ್ನು ಅಳತೆ ಸರಪಳಿಯ ಪಕ್ಕ ಉರುಳಿಸಿ ಮತ್ತೆ ನೋಡಬೇಕು. ಗ್ಯಾಂಗಿಗೆ ಸೇರಿದ ಮೊದಲ ವಾರವೇ ಕಲಿಸುವ ಪಾಠ ಅದು. ನಾನು ನೋಡಲಿಲ್ಲ. ಪ್ರತಿ ಸುತ್ತಿನಲ್ಲಿ ಮೂರು ಸೆಂಟಿಮೀಟರ್ ಕಡಿಮೆ ಬಿತ್ತು, ಐನೂರು ಸುತ್ತಿನಲ್ಲಿ ಹದಿನೈದು ಮೀಟರ್. ಎಂಟನೇ ಕಲ್ಲಿನಿಂದ ಕೊನೆಯವರೆಗೆ ಎಲ್ಲವೂ ಹಾಗೇ.

ಹಳೇ ಲೆಕ್ಕದಲ್ಲಿ ರಸ್ತೆ ಐವತ್ತನಾಲ್ಕು ಮೈಲಿ. ಎಂಬತ್ತಾರು ಕಲ್ಲಿಗೆ ಮುಗಿಯಬೇಕಿತ್ತು. ಗಡಿಯಾರ ಕಂಬ ಕಾಣುವ ಹೊತ್ತಿಗೆ ನನ್ನ ಕೈಯಲ್ಲಿ ಎಂಬತ್ತೆಂಟನೆಯದು ಇತ್ತು. ಆಗಿನ ಸಾಹೇಬರಿಗೆ ಸಂತೋಷವೋ ಸಂತೋಷ. "ರಸ್ತೆ ಬೆಳೆದಿದೆ ಮೇಸ್ತ್ರಿ" ಎಂದು ಬೆನ್ನು ತಟ್ಟಿದರು. ಮನೆಗೆ ಬಂದವನೇ ಆ ಟೈರಿನ ಸುತ್ತ ದಾರ ಸುತ್ತಿ ಅಳೆದೆ. ಆ ದಿನವೇ ನನಗೆ ಗೊತ್ತಾಯಿತು. ನೀನು ಆಗ ಇನ್ನೂ ಹುಟ್ಟಿರಲಿಲ್ಲ.

ಇನ್ನು ನಿನ್ನ ವಿಷಯ. ನೀನು ಟೇಪು ಹಿಡಿದು ಐದು ಕಡೆ ಅಳೆದು, ಐದೂ ಕಡೆ ಒಂಬೈನೂರ ಎಂಬತ್ತೈದು ಎಂದು ಪುಸ್ತಕ ತಂದು ತೋರಿಸಿದಾಗ, ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಹೆಮ್ಮೆ. ಐದು ಕಿಲೋಮೀಟರ್ ಅಳೆದು ಒಂದು ಅಂಗುಲವೂ ಆಚೀಚೆ ಆಗಿರಲಿಲ್ಲ. ನನ್ನ ಗ್ಯಾಂಗಿನಲ್ಲಿ ಅಂಥ ಕೈ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಹದಿನೈದು ದಿನ ಬಿಟ್ಟು ಇಲಾಖೆಯಿಂದ ಕಾಗದ ಬಂತು, ಉತ್ತರ ಕೊಡು ಎಂದು. ಟೇಪು ಹಿಗ್ಗಿರಬಹುದು ಎಂದು ಬರೆದೆ.

ಯಾಕೆ ಬರೆದೆ ಎಂದರೆ, ಇಷ್ಟು ವರ್ಷ ಒಂದು ನೆಪ ಹೇಳಿಕೊಂಡು ಬಂದಿದ್ದೇನೆ. ಆ ತಿಂಗಳು ಗ್ಯಾಂಗಿನ ಹದಿನೆಂಟು ಜನರ ಕೆಲಸ ಕಾಯಂ ಆಗುವುದಿತ್ತು, ತಪ್ಪು ಹೊರಬಿದ್ದರೆ ಅವರ ಅನ್ನಕ್ಕೆ ಕಲ್ಲು ಬೀಳುತ್ತಿತ್ತು ಎಂದು. ಮೊನ್ನೆ ಇದನ್ನೇ ನಿನ್ನ ಅಮ್ಮನಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ತಿರುಗಿ ಕೂಡ ನೋಡದೆ, "ಅವರು ಕಾಯಂ ಆಗಿ ಆಗಲೇ ಎರಡು ತಿಂಗಳಾಗಿತ್ತು" ಎಂದಳು. ನಿಜ. ನೆಪವೂ ಹೋಯಿತು. ನಾಚಿಕೆಗೆ ಬರೆದೆ, ಅಷ್ಟೇ. ಕಲ್ಲು ಮೇಸ್ತ್ರಿಯ ಕಲ್ಲು ತಪ್ಪು ಎಂದು ಅವನ ಮಗಳೇ ಕಂಡುಹಿಡಿದಳು ಎಂದು ಜನ ಆಡಿಕೊಳ್ಳುತ್ತಾರಲ್ಲ ಎಂದು. ನೀನು ನಪಾಸಾದ ದಿನ ನಾನು ಸೈಕಲ್ ಹತ್ತಿ ಗಡಿಯಾರ ಕಂಬದವರೆಗೆ ಹೋಗಿ ಬಂದೆ. ಬಂದು ನಿನ್ನ ಮುಂದೆ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನ ನೀನು ಪೆಟ್ಟಿಗೆ ಕಟ್ಟಿದೆ.

ಇದರ ಜೊತೆ ನನ್ನ ಹೇಳಿಕೆ ಇದೆ. ನಾಲ್ಕು ಪ್ರತಿ ಬರೆದಿದ್ದೇನೆ. ಒಂದು ನಿನ್ನ ಮುಖ್ಯ ಎಂಜಿನಿಯರಿಗೆ, ಒಂದು ಕಡತಕ್ಕೆ, ಒಂದು ನಿನ್ನ ಕಾಲೇಜಿಗೆ. ನಾಲ್ಕನೆಯದನ್ನು ಇವತ್ತು ಅಂಚೆಯ ಮನೆಯ ಗೋಡೆಗೆ ಅಂಟಿಸಿ ಬಂದೆ. ಊರವರು ಓದಲಿ.

ನನ್ನ ತಪ್ಪು. ನಿನ್ನದು ಸರಿಯಿತ್ತು.

ಅಪ್ಪ


ಏಪ್ರಿಲ್ 11

ಅಪ್ಪ,

ನಿನ್ನ ಪತ್ರವನ್ನು ಕಚೇರಿಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ಒಳಗೆ ಹೋಗಲು ಆಗಲಿಲ್ಲ. ಜವಾನರು ಬಂದು, "ಮೇಡಂ, ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದರು. ಇಲ್ಲ, ಒಬ್ಬರು ಬಂದಿದ್ದಾರೆ ಎಂದೆ.

ನಿನ್ನ ಹೇಳಿಕೆಯನ್ನು ಮುಖ್ಯ ಎಂಜಿನಿಯರ್ ಸಭೆಯಲ್ಲಿ ಗಟ್ಟಿಯಾಗಿ ಓದಿಸಿದರು. ಬೋಳು ಟೈರಿನ ಹತ್ತಿರ ಎಲ್ಲರೂ ನಕ್ಕರು. "ನಾಚಿಕೆಗೆ ಬರೆದೆ" ಎನ್ನುವಲ್ಲಿ ಎಲ್ಲರೂ ತಮ್ಮ ಮುಂದಿನ ಕಡತ ತಿರುವತೊಡಗಿದರು. ಅಲ್ಲಿ ಕೂತಿದ್ದ ಹದಿನಾಲ್ಕು ಎಂಜಿನಿಯರುಗಳಲ್ಲಿ ಒಬ್ಬೊಬ್ಬರಿಗೂ ತಮ್ಮ ತಮ್ಮ ಟೈರು ನೆನಪಾಗಿರಬೇಕು.

ಮೇ 4ಕ್ಕೆ ಸ್ಥಳ ತನಿಖೆ. ಅರವತ್ತೊಂದರಿಂದ ಅರವತ್ತೆರಡರವರೆಗೆ ಉಕ್ಕಿನ ಟೇಪಿನಲ್ಲಿ ಅಳೆಯಬೇಕು. ಹೇಳಿಕೆ ಕೊಟ್ಟವನು ಒಂದು ತುದಿ ಹಿಡಿಯಬೇಕೆಂದು ಬರೆಸಿದ್ದೇನೆ. ಇನ್ನೊಂದು ತುದಿ ನನ್ನದು.

ಸಿಟ್ಟು ಪೂರ್ತಿ ಹೋಗಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷ ಸಾಕಿದ ಸಿಟ್ಟು, ಹೋಗು ಎಂದ ಕೂಡಲೇ ಎದ್ದು ಹೋಗುವುದಿಲ್ಲ. ಆದರೆ ಆ ಹೆಮ್ಮೆಯ ಸಾಲನ್ನು ಎಷ್ಟು ಸಲ ಓದಿದೆ ಎಂದು ಕೇಳಬೇಡ.

ಮಗಳು


ಮೇ 6

ಮಗಳೇ,

ಟೇಪು ಸುತ್ತಿಟ್ಟವಳೇ ಜೀಪು ಹತ್ತಿ ಹೊರಟುಹೋದೆ. ಅಮ್ಮನನ್ನು ರಸ್ತೆಯಲ್ಲೇ ತಬ್ಬಿಕೊಂಡು, ಮನೆಯ ಮೆಟ್ಟಿಲು ಹತ್ತಲಿಲ್ಲ. ಆಗಲಿ. ನಾನೇನೂ ಕೇಳುವುದಿಲ್ಲ. ನೀನು ಹೋದ ಮೇಲೆ ಆದದ್ದನ್ನು ಮಾತ್ರ ತಿಳಿಸುತ್ತೇನೆ.

ಅಳೆಯುವಾಗ ನಾನು ನಿನ್ನ ಮುಖ ನೋಡಲಿಲ್ಲ, ಟೇಪನ್ನೇ ನೋಡುತ್ತಿದ್ದೆ. ಮೂವತ್ತು ಮೀಟರಿನ ಟೇಪು, ಮೂವತ್ತೆರಡು ಸಲ ಪೂರ್ತಿ ಹಾಸಿದೆವು, ಮೂವತ್ತಮೂರನೆಯದರಲ್ಲಿ ಇಪ್ಪತ್ತೈದಕ್ಕೆ ಕಲ್ಲು ಬಂತು. ಮುಖ್ಯ ಎಂಜಿನಿಯರ್ "ಎಷ್ಟು?" ಎಂದಾಗ ನಿನ್ನ ಬಾಯಿಂದ ಬರಲಿ ಎಂದು ಕಾದೆ. ನಾಲ್ಕು ಊರು ರಸ್ತೆಯ ಎರಡೂ ಬದಿ ನಿಂತಿತ್ತು. ನಾನೇ ಕೂಗಿದೆ. "ಒಂಬೈನೂರ ಎಂಬತ್ತೈದು" ಎಂದು ಕೂಗಿದ್ದು ಹಳ್ಳದ ಆಚೆಗೂ ಕೇಳಿತಂತೆ. ಅಷ್ಟು ಜೋರಾಗಿ ನಾನು ರೋಲರ್ ಡ್ರೈವರನ್ನು ಕೂಡ ಬೈದಿಲ್ಲ. ಎದೆಯ ಮೇಲಿಂದ ಜಲ್ಲಿಯ ಲಾರಿ ಇಳಿದು ಹೋಯಿತು.

ಜೀಪು ಮರೆಯಾದ ಮೇಲೆ ನನ್ನ ಗ್ಯಾಂಗಿನವರು ಬಂದರು. ಬದುಕಿರುವುದು ಹನ್ನೊಂದು ಜನ. ಬೈಯುತ್ತಾರೆ ಎಂದುಕೊಂಡೆ. ಜಲ್ಲಿ ಹೊರುತ್ತಿದ್ದ ದೊಡ್ಡಕ್ಕ ನಿನಗೆ ನೆನಪಿರಬೇಕು, ಈಗ ಕೋಲು ಹಿಡಿದಿದ್ದಾಳೆ. ಅವಳು ಹೇಳಿದ್ದು ಕೇಳು. "ಟೈರು ಬೋಳು ಅಂತ ನಾನು ಅವತ್ತೇ ಹೇಳಿದ್ದೆ. ನೀನು ಕೇಳಿದ್ಯಾ? ಮೇಸ್ತ್ರಿ ಆಗಿದ್ದೆ, ಕಿವಿ ಎಲ್ಲಿತ್ತು ನಿಂಗೆ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂದರೆ ಹನ್ನೊಂದು ಜನಕ್ಕೂ ಮೊದಲಿನಿಂದ ಗೊತ್ತಿತ್ತು. ನನ್ನ ಗುಟ್ಟು ಅಂತ ನಾನೊಬ್ಬನೇ ನಲವತ್ತೆರಡು ವರ್ಷ ಕಾದಿದ್ದೇನೆ. ಎಂಥ ಪೆದ್ದ ನಾನು.

ಕಲ್ಲು ಸರಿಪಡಿಸುವ ಕೆಲಸ ಬೇರೆಯವರಿಗೆ ಕೊಡಬೇಡಿ, ನೆಟ್ಟವರೇ ಕಿತ್ತು ನೆಡುತ್ತೇವೆ ಎಂದು ಹನ್ನೊಂದು ಜನವೂ ಅರ್ಜಿ ಬರೆದಿದ್ದಾರೆ. ಜೊತೆಗಿದೆ. ಈ ಸಲದ ಅರ್ಜಿಯಲ್ಲಿ ಕಿಲೋಮೀಟರ್ ಲೆಕ್ಕವಿಲ್ಲ, ಯಾವ ಆಡಿನ ಫೋಟೋವೂ ಬರಲಾರದು.

ಅಪ್ಪ


ಜೂನ್ 18

ಅಪ್ಪ,

ಇವತ್ತು ಆದೇಶಕ್ಕೆ ರುಜು ಬಿತ್ತು. ನಕಲು ಬೇರೆ ಬರುತ್ತದೆ, ಅಲ್ಲಿಯವರೆಗೆ ತಡೆಯಲಾರದೆ ಬರೆಯುತ್ತಿದ್ದೇನೆ. ಹೆದ್ದಾರಿಯ ಉದ್ದ ಎಂಬತ್ತಾರು ಕಿಲೋಮೀಟರ್ ಒಂಬೈನೂರು ಮೀಟರ್ ಎಂದು ತಿದ್ದಲಾಗಿದೆ. ಅರವತ್ತೊಂದು ಕಿಲೋಮೀಟರ್ ನೂರ ಎಪ್ಪತ್ತೈದು ಮೀಟರಿನಲ್ಲಿ ಮೂರು ಕಮಾನಿನ ಸೇತುವೆ ಮಂಜೂರಾಗಿದೆ. ಪಟ್ಟಿ ಮುಚ್ಚಲು ಹನ್ನೆರಡು ದಿನ ಉಳಿದಿತ್ತು. ನರ್ಸಮ್ಮನಿಗೆ ನೀನೇ ಹೋಗಿ ಹೇಳು, ಫೋನು ಮಾಡಿಸಬೇಡ.

ಕಾಲೇಜಿನಿಂದಲೂ ಕಾಗದ ಬಂದಿದೆ. ನನ್ನ ಮೇಷ್ಟ್ರು ನಿವೃತ್ತರಾಗಿದ್ದಾರೆ, ಆದರೂ ಅವರನ್ನು ಮನೆಯಿಂದ ಕರೆಸಿ ಅಂಕ ಹಾಕಿಸಿದ್ದಾರೆ. ನೂರಕ್ಕೆ ತೊಂಬತ್ತೆಂಟು. ಎರಡು ಅಂಕ ಯಾಕೆ ಕಡಿಮೆ ಎಂದು ಕೇಳಿದ್ದಕ್ಕೆ, "ಅಕ್ಷರ ಚೆನ್ನಾಗಿರಲಿಲ್ಲ" ಎಂದರಂತೆ. ನಲವತ್ತೊಂದನೇ ವಯಸ್ಸಿನಲ್ಲಿ ಪಾಸಾದೆ ಎಂದು ಕಚೇರಿಯಲ್ಲಿ ಸಿಹಿ ಹಂಚಿದೆ.

ಕಲ್ಲಿನ ಕೆಲಸ ನಿನ್ನ ಗ್ಯಾಂಗಿಗೇ. ಎಲ್ಲೆಲ್ಲಿ ನೆಡಬೇಕು ಎನ್ನುವ ಅಳತೆ ನನ್ನದು. ಇಪ್ಪತ್ತು ದಿನ ರಜೆ ಹಾಕಿದ್ದೇನೆ. ಎಂಟನೇ ಕಲ್ಲಿನ ಹತ್ತಿರ ಕಾಯುತ್ತಿರು. ರಾತ್ರಿ ಉಳಿಯುವುದು ಮನೆಯಲ್ಲೇ, ಅಮ್ಮನಿಗೆ ಹೇಳು, ನನ್ನ ಹಳೇ ಕೋಣೆಯಲ್ಲಿರುವ ನಿನ್ನ ಸೈಕಲ್ ಸಾಮಾನೆಲ್ಲ ಹೊರಗೆ ಹಾಕಲಿ.

ನಿನ್ನ ಮಗಳು


ಸೆಪ್ಟೆಂಬರ್ 9

ಮಗಳೇ,

ನೀನು ಹೋದ ಮೇಲೆ ಉಳಿದ ಕೆಲಸ ನಿನ್ನೆ ಮುಗಿಯಿತು. ಎಂಟರಿಂದ ಎಂಬತ್ತಾರರವರೆಗೆ ಪ್ರತಿ ಕಲ್ಲೂ ನಿನ್ನ ಪಟ್ಟಿಯಲ್ಲಿ ಬರೆದ ಜಾಗದಲ್ಲಿ ನಿಂತಿದೆ. ಚಕ್ರ ಮುಟ್ಟಲಿಲ್ಲ, ಉಕ್ಕಿನ ಟೇಪು ಮಾತ್ರ. ದೊಡ್ಡಕ್ಕ ಸುಣ್ಣದ ಡಬ್ಬಿ ಹಿಡಿದು ಕೂತು ಅಂಕಿ ಬರೆದಳು. ಕೈ ನಡುಗುತ್ತದೆ, ಅಂಕಿ ಮಾತ್ರ ಮುತ್ತಿನ ಹಾಗೆ ಬರುತ್ತದೆ. ನಿನ್ನ ಮೇಷ್ಟ್ರು ಇವಳಿಗೆ ನೂರಕ್ಕೆ ನೂರು ಕೊಡುತ್ತಿದ್ದರು.

ದಾರಿಯುದ್ದಕ್ಕೂ ಜಗಳ. 'ಮೂವತ್ತನೇ ಕಲ್ಲು ಹೋಟೆಲ್' ಎಂದು ಬೋರ್ಡು ಹಾಕಿಕೊಂಡವನ ಮುಂದಿನಿಂದ ಮೂವತ್ತನೇ ಕಲ್ಲು ಮುನ್ನೂರ ನಲವತ್ತೈದು ಮೀಟರ್ ಮುಂದೆ ಹೋಯಿತು, ಅದೂ ಅವನ ದಾಯಾದಿಯ ಅಂಗಡಿಯ ಬಾಗಿಲಿಗೆ. ಅವನು ಗುದ್ದಲಿಗೆ ಅಡ್ಡ ಮಲಗಿದ. "ಮೇಸ್ತ್ರಿ, ನಿಮ್ಮ ತಪ್ಪಿಗೆ ನನ್ನ ಬೋರ್ಡು ಯಾಕೆ ಬದಲಾಗ್ಬೇಕು?" ಎಂದ. ನ್ಯಾಯವಾದ ಪ್ರಶ್ನೆ. ಬೋರ್ಡಿನ ಮೇಲೆ ನಾನೇ ಬಣ್ಣ ಹಿಡಿದು 'ಹಳೇ' ಎಂದು ಸೇರಿಸಿಕೊಟ್ಟೆ. ಈಗ ಹಳೇದು ಎಂದೇ ವ್ಯಾಪಾರ ಜಾಸ್ತಿಯಾಗಿದೆಯಂತೆ, ದಾಯಾದಿ ಉರಿದುಕೊಂಡಿದ್ದಾನೆ.

ಇಪ್ಪತ್ಮೂರರ ಬಂಡೆಯಲ್ಲಿ ಉಳಿಯ ಗುರುತು ನೋಡಿದೆಯಲ್ಲ, ಅದು ನನ್ನ ಅಪ್ಪ ಹೊಡೆದದ್ದು. ನಿನಗೆ ಹೇಳಬೇಕು ಎಂದುಕೊಂಡವನು, ನೀನು ಅಷ್ಟು ದಿನ ಜೊತೆಗೆ ನಡೆದ ಸಂತೋಷದಲ್ಲಿ ಮರೆತೆ.

ಎರಡು ಕಲ್ಲು ಹೆಚ್ಚಾದವು. ಇಲಾಖೆ ವಾಪಸು ಕೇಳಿಲ್ಲ. ಒಂದರ ಮೇಲೆ ನಿನ್ನ ಅಮ್ಮ ಕೂತು ಕಾಲು ಚಾಚಿ ಮುಲಾಮು ಹಚ್ಚಿಕೊಳ್ಳುತ್ತಾಳೆ, ಇನ್ನೊಂದರ ಮೇಲೆ ಕೂತು ನಾನು ಬೈಸಿಕೊಳ್ಳುತ್ತೇನೆ.

ಸೇತುವೆಗೆ ಪಾಯ ತೆಗೆದಿದ್ದಾರೆ. ಭಾನುವಾರ ಫೋನು ಮಾಡಿದಾಗ ಮೊದಲು ನನಗೆ ಕೊಡಲು ಹೇಳು, ಅವಳು ಬಿಡುವುದೇ ಇಲ್ಲ.

ಅಪ್ಪ


ಮರುವರ್ಷ, ಆಗಸ್ಟ್ 17

ಮಗಳೇ,

ಉದ್ಘಾಟನೆಯ ದಿನ ಹಳ್ಳ ಒಣಗಿತ್ತು. ದೊಡ್ಡವರ ಭಾಷಣ, ಫೋಟೋ ಎಲ್ಲವೂ ಆಯಿತು. ನೀನು ಹಿಂದಿನ ಸಾಲಿನಲ್ಲಿ ನಿಂತದ್ದು ನನಗೆ ಸರಿಬರಲಿಲ್ಲ, ಅದನ್ನು ಅವತ್ತೇ ಹೇಳಿದ್ದೇನೆ. ಸೇತುವೆಗೆ ನಿಜವಾದ ಉದ್ಘಾಟನೆ ಇವತ್ತು ಆಯಿತು, ಅದಕ್ಕೇ ಒದ್ದೆ ಬಟ್ಟೆಯಲ್ಲೇ ಕೂತು ಬರೆಯುತ್ತಿದ್ದೇನೆ. ಅಮ್ಮ ಬೈಯುತ್ತಿದ್ದಾಳೆ, ಬೈಯಲಿ.

ನಾಲ್ಕು ದಿನದಿಂದ ಬಿಡದೆ ಮಳೆ. ಬೆಳಿಗ್ಗೆ ಹಳ್ಳ ದಡ ಮೀರಿತು. ನನ್ನ ಕಾಲದಲ್ಲಿ ಇಂಥ ನೀರು ಒಂದೇ ಸಲ ಕಂಡದ್ದು. ಹಳೇ ಕಾಂಕ್ರೀಟು ಎಲ್ಲಿತ್ತೆಂದು ಗುರುತೂ ಸಿಗುವುದಿಲ್ಲ. ನಾಲ್ಕು ಊರಿನ ಅರ್ಧ ಜನ ಕೊಡೆ ಹಿಡಿದು ದಡಕ್ಕೆ ಬಂದಿದ್ದರು. ಒಂಬತ್ತು ಗಂಟೆಯ ಬಸ್ಸು ಬಂತು. ಇಷ್ಟು ವರ್ಷ ಈ ಜಾಗದಲ್ಲಿ ಬಸ್ಸು ನಿಲ್ಲುವುದು, ಡ್ರೈವರ್ ಇಳಿದು ಕೋಲು ಹಾಕಿ ನೀರಿನ ಆಳ ನೋಡುವುದು, ತಲೆ ಅಲ್ಲಾಡಿಸಿ ವಾಪಸು ತಿರುಗಿಸುವುದು. ಇವತ್ತು ಅವನು ವೇಗ ಕೂಡ ತಗ್ಗಿಸಲಿಲ್ಲ. ನೀರು ಕೆಳಗೆ ಅಬ್ಬರಿಸುತ್ತಿತ್ತು, ಬಸ್ಸು ಮೇಲೆ ಹೋಯಿತು. ಕಿಟಕಿಯಲ್ಲಿ ನರ್ಸಮ್ಮ ಕೂತು ಪತ್ರಿಕೆ ಓದುತ್ತಿದ್ದರು, ತಲೆ ಎತ್ತಿ ನೋಡಲೂ ಇಲ್ಲ. ಅದನ್ನು ಕಂಡು ನನಗೆ ಅಳು ಬಂತು. ಮಳೆಯಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಜನ ಚದುರಿದರು, ನಾನು ಹೊಸ ಅರವತ್ತೊಂದನೇ ಕಲ್ಲಿನ ಹತ್ತಿರ ನಿಂತಿದ್ದೆ. ಒಂದು ಲಾರಿ ನಿಂತಿತು. ಈ ಕಡೆಗೆ ಹೊಸಬ. ಕಿಟಕಿ ಇಳಿಸಿ, "ಅಜ್ಜ, ಬಂದರಲ್ಲಿ ಮೀಟರ್ ಸೊನ್ನೆ ಮಾಡ್ಕೊಂಡು ಹೊರಟೆ. ಇಲ್ಲಿ ಸರಿಯಾಗಿ ಅರವತ್ತೊಂದು ತೋರಿಸ್ತಿದೆ ನೋಡಿ. ಎಷ್ಟೋ ರಸ್ತೆ ಓಡಿಸಿದ್ದೀನಿ, ಕಲ್ಲೂ ಮೀಟರೂ ಹೀಗೆ ಕೂಡಿ ಬಂದದ್ದು ನೋಡಿಲ್ಲ. ಯಾರು ನೆಟ್ಟಿದ್ದು ಇದನ್ನ?" ಎಂದು ಕೇಳಿದ.

"ನೆಟ್ಟವನು ನಾನು," ಎಂದೆ. "ಅಳೆದವಳು ನನ್ನ ಮಗಳು."

ನಿನ್ನ ಅಪ್ಪ